ಕಾಂಡಿ ತುಂಬುವವರ ಮಾತು

೧೮ ಆಗಸ್ಟ್ ೧೯೭೭, ಇಚಲಕರಂಜಿ

ಕೊನೆಗೂ ನನ್ನ ಬಾಯಿಗೆ ತಕ್ಕ ಕೆಲಸ ಸಿಕ್ಕಿತು. ಗಡಹಿಂಗ್ಲಜದ ನಮ್ಮ ಮನೆಯಲ್ಲಿ "ಮಾಣಿಕಳ ಬಾಯಿ ಬೊಂಬಾಯಿ" ಎಂದು ಎಲ್ಲರೂ ಆಡಿಕೊಳ್ಳುತ್ತಾರೆ. ಇನ್ನು ಆಡಿಕೊಳ್ಳಲಿ, ನೋಡೋಣ.

ಕೊಲ್ಹಾಪುರದ ಒಂದು ಸಂಸ್ಥೆ ಜಿಲ್ಲೆಯ ಎಲ್ಲ ಕಾಲೇಜುಗಳಿಗೂ ಸ್ಪರ್ಧೆ ಇಟ್ಟಿದೆ. ವಿಷಯ ಅಭಿವ್ಯಕ್ತಿ ಸ್ವಾತಂತ್ರ್ಯ. ಚಿತ್ರ ಬರೆಯಬಹುದು, ಭಿತ್ತಿಪತ್ರಿಕೆ ಮಾಡಬಹುದು, ಭಾಷಣ ಬಿಗಿಯಬಹುದು. ಆದರೆ ಗೆದ್ದವರಿಗೆ ಕೊಡುವ ದೊಡ್ಡ ಬೆಳ್ಳಿ ಫಲಕ, ಢಾಲು, ಇರುವುದು ಸಜೀವ ದೇಖಾವೆಗೆ. ವೇಷ ಹಾಕಿಕೊಂಡು ವೇದಿಕೆಯ ಮೇಲೆ ಗೊಂಬೆಗಳಂತೆ ಇರಬೇಕು. ದನಿಯೆಲ್ಲ ಟೇಪಿನಿಂದಲೇ ಬರಬೇಕು. ವೇಷದವರು ಜಾಗ ಬಿಟ್ಟು ಏಳಬಾರದು, ದನಿ ತೆಗೆಯಬಾರದು; ತೆಗೆದರೆ ಸ್ಪರ್ಧೆಯಿಂದ ಹೊರಗೆ. ಮೊದಲ ಸುತ್ತು ನಮ್ಮ ಕಾಲೇಜಿನಲ್ಲೇ, ಎರಡನೆಯದು ನಮ್ಮ ಗಡಹಿಂಗ್ಲಜದಲ್ಲಿ, ಕೊನೆಯದು ಗಾಂಧಿ ಜಯಂತಿಯ ದಿನ ಕೊಲ್ಹಾಪುರದಲ್ಲಿ.

ಪ್ರಾಚಾರ್ಯರು ಪ್ರಾರ್ಥನೆಯ ಹೊತ್ತಿಗೆ ಸ್ವಾತಂತ್ರ್ಯದ ಬಗ್ಗೆ ಕಣ್ಣಲ್ಲಿ ನೀರು ತಂದುಕೊಂಡು ಮಾತಾಡಿದರು. ಹೋದ ವರ್ಷ ಇದೇ ಕರೀ ಕೋಟು ತೊಟ್ಟು, ಇದೇ ಜಾಗದಲ್ಲಿ ನಿಂತು, ತುರ್ತು ಪರಿಸ್ಥಿತಿಯಿಂದ ದೇಶಕ್ಕೆ ಎಂಥ ಶಿಸ್ತು ಬಂತು ಎಂದು ಹೊಗಳಿದ್ದರು. ಗಾಳಿ ಬಂದಾಗ ತೂರಿಕೊಳ್ಳುವುದು ಎಂದರೆ ಇದೇ.

ದೇಖಾವೆಯ ಮಾತು ನಾನೇ ಬರೆಯುವವಳು. ಭಾರತಮಾತೆಯೂ ನಾನೇ. ಮೈತುಂಬ ಸರಪಳಿ, ಬಾಯಿಗೆ ಕರೀ ಪಟ್ಟಿ. ಹಿಂದೆ ಕುಳಿತು ಬಿಕ್ಕುವ ಪ್ರಜೆಗಳಾಗಿ ಮೂರು ಹುಡುಗಿಯರು ಬೇಕು. ಇಬ್ಬರು ಸಿಕ್ಕರು. ಮೂರನೆಯವಳಾಗಿ ಕೊರೋಚಿಯ ಬೀರವ್ವನನ್ನು ಕೇಳಿದೆ. ನಾನು ಓದಲು ಬಂದು ಉಳಿದಿರುವುದು ಸೋದರಮಾವನ ಮನೆಯಲ್ಲಿ; ಅವಳಪ್ಪ ಧೋಂಡಿಬಾ ಆ ಮಾವನ ಮಗ್ಗ ನಡೆಸುವವನು. ಕಾಲೇಜು ಮುಗಿದ ಮೇಲೆ ಅವಳೂ ನಮ್ಮ ಶೆಡ್ಡಿಗೆ ಬಂದು ಕಾಂಡಿ ತುಂಬುತ್ತಾಳೆ, ಎಂದರೆ ಲಾಳಿಯೊಳಗೆ ಕೂಡಿಸುವ ಕಡ್ಡಿಗೆ ನೂಲು ಸುತ್ತುತ್ತಾಳೆ. ಕುರಿ ಕಾಯುವ ಧನಗರರ ಹುಡುಗಿ, ಮಾತು ಕಡಿಮೆ. ಅಳುವ ಪ್ರಜೆಗೆ ಮಾತು ಯಾಕೆ ಬೇಕು?

೨೧ ಆಗಸ್ಟ್

ಇವತ್ತು ಮನೆಯ ಅಟ್ಟದ ಮೇಲೆ ತಾಲೀಮು. ಕೆಳಗೆ ಹಿತ್ತಲಲ್ಲಿ ಮಾವನ ಎಂಟು ಮಗ್ಗ. ಆ ಸಪ್ಪಳದಲ್ಲಿ ನನ್ನ ಭಾರತಮಾತೆಯ ಆಕ್ರಂದನ ನನಗೇ ಕೇಳಲಿಲ್ಲ. ರಾವಸಾಹೇಬ ಮಾವ ಈ ಸಪ್ಪಳಕ್ಕೆ "ಲಕ್ಷ್ಮಿ ಕಾಲಗೆಜ್ಜಿ" ಅನ್ನುತ್ತಾರೆ. ಅವರು ದುಡ್ಡಿನ ಕಡೆಯಿಂದ ಈ ಧಂದೆಗೆ ಬಂದವರು, ಒಂದು ದಿನವೂ ಮಗ್ಗ ನಡೆಸಿದವರಲ್ಲ.

ನಾನು ಎಲ್ಲರ ಬಾಯಿಗೂ ಕರೀ ಪಟ್ಟಿ ಕಟ್ಟುತ್ತಿದ್ದಾಗ ಬೀರವ್ವ ತನ್ನ ಪಟ್ಟಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ಯಾಕೆ ಎಂದು ಸಿಟ್ಟಿನಿಂದ ಕೇಳಿದೆ.

"ಬಾಯಿ ಮುಚ್ಚಸಾಕ ಪಟ್ಟಿ ಯಾಕ ಬೇಕ್ರಿ, ಮಾಣಿಕಬಾಯಿ? ನಮ್ಮ ಶೆಡ್ಡಿನ್ಯಾಗ ಯಾರಿಗೂ ಪಟ್ಟಿ ಕಟ್ಟಿಲ್ಲ. ಬಟನ್ ಒತ್ತಿ ಮಗ್ಗ ಚಾಲೂ ಮಾಡಿದ್ರ ಮುಗೀತು."

ನಾನು ಇದು ದೇಶದ ವಿಷಯ, ಶೆಡ್ಡಿನ ವಿಷಯವಲ್ಲ ಎಂದೆ. ಅವಳು ಹೌದ್ರಿ ಎಂದು ಪಟ್ಟಿ ಕಟ್ಟಿಕೊಂಡಳು. ಆ "ಹೌದ್ರಿ" ನನಗೆ ಸೇರಲಿಲ್ಲ. ರಾತ್ರಿಯ ಊಟದವರೆಗೂ ಅದು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಚುಚ್ಚಿತು. ನಾವು ಮೀನು ತಿನ್ನುವವರಲ್ಲ, ಆದರೂ ಹಾಗೇ ಇರಬೇಕು.

೨೩ ಆಗಸ್ಟ್

ಎರಡು ವರ್ಷದಿಂದ ಈ ಮನೆಯಲ್ಲಿದ್ದೇನೆ, ಶೆಡ್ಡಿನೊಳಗೆ ಕಾಲಿಟ್ಟವಳಲ್ಲ. ಇವತ್ತು ಹೋಗಿ ಬಾಗಿಲಲ್ಲಿ ನಿಂತೆ.

ಒಳಗೆ ಎಲ್ಲರೂ ಮಾತಾಡುತ್ತಿದ್ದಾರೆ! ದನಿ ಇಲ್ಲ, ಬರೀ ತುಟಿ. ಈ ಮೂಲೆಯ ಮಗ್ಗದಿಂದ ಆ ಮೂಲೆಯ ಮಗ್ಗಕ್ಕೆ ಹರಟೆ ಹೋಗುತ್ತಿದೆ, ಕೈಬೆರಳು ನಡುನಡುವೆ ಸಹಾಯಕ್ಕೆ. ಧೋಂಡಿಬಾ ಏನೋ ಅಂದ, ಆಚೆ ತುದಿಯಲ್ಲಿ ಕಾಂಡಿ ತುಂಬುವ ಯಮುನವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಷ್ಟರಲ್ಲಿ ಮಾವ ಬಂದರು. ಕೈ ಹಿಂದೆ ಕಟ್ಟಿ ಮಗ್ಗಗಳ ನಡುವೆ ಅಡ್ಡಾಡಿದರು. ಮಾತು ನಿಲ್ಲಲಿಲ್ಲ! ಅವರ ಮೂಗಿನ ಮುಂದೆಯೇ ಮುಂದುವರಿಯಿತು. ಅವರಿಗೆ ಗೊತ್ತೇ ಆಗಲಿಲ್ಲ.

ಹೊರಗೆ ಬಂದ ಮೇಲೆ, ಏನು ಅಂದರು ಎಂದು ಬೀರವ್ವನನ್ನು ಕೇಳಿದೆ. ಹೇಳಲಿಲ್ಲ. ಪೀಡಿಸಿದೆ. "ಮಾಲಕರು ಇವತ್ತ ಎರಡನೇ ಸಲ ಹೋಗಿ ಬಂದ್ರು ಅಂದ್ರು" ಎಂದಳು. ಎಲ್ಲಿಗೆ? ಅವಳು ನಮ್ಮ ಹಿತ್ತಲ ಬಾಗಿಲ ಕಡೆ ಕಣ್ಣು ಮಾಡಿದಳು. ಆ ಬಾಗಿಲ ಒಳಗೆ, ನಮ್ಮ ಅಂಗಳದಲ್ಲಿ, ಸಂಡಾಸ ಇದೆ, ಮನೆಯವರ ಪಾಯಖಾನೆ.

೨೪ ಆಗಸ್ಟ್

ಇದನ್ನು ಬರೆಯಲು ನಾಚಿಕೆ ಆಗುತ್ತದೆ. ಬರೆಯುತ್ತೇನೆ. ಇಲ್ಲಿ ಕನ್ನಡ ಓದಬಲ್ಲವಳು ಮಾವನ ಹೆಂಡತಿ ಚನ್ನವ್ವ ಅತ್ತೆ ಒಬ್ಬಳೇ, ಅವಳಿಗೆ ಪುರಸೊತ್ತೇ ಇಲ್ಲ.

ನಮ್ಮ ಶೆಡ್ಡಿನ ಹೆಂಗಸರು ದಿನವಿಡೀ ನೀರು ಕುಡಿಯುವುದಿಲ್ಲ. ಕುಡಿದರೆ ಹೊರಕಡೆಗೆ ಹೋಗಬೇಕಾಗುತ್ತದೆ, ಹೋಗಲು ಜಾಗವಿಲ್ಲ. ಗಂಡಸರಿಗೆ ಗೋಡೆಯ ಮರೆ ಸಾಕು. ಹೆಂಗಸರು ಬೆಳಕು ಹರಿಯುವ ಮುಂಚೆ ಹೋಗಿ ಬಂದರೆ ಮತ್ತೆ ಕತ್ತಲಾದ ಮೇಲೆ ಹಳ್ಳದ ಕಡೆಗೇ. ಯಮುನವ್ವನಿಗೆ ವರ್ಷದಿಂದ ಉರಿಮೂತ್ರವಂತೆ, ಆಗಾಗ ಚಳಿಜ್ವರವಂತೆ. ದವಾಖಾನೆಯ ಡಾಕ್ಟರಬಾಯಿ, ಭಾಳ ನೀರು ಕುಡಿ ಎಂದಳಂತೆ. ಯಮುನವ್ವ ಶೆಡ್ಡಿಗೆ ಬಂದು ಅದನ್ನೇ ಹೇಳಿ ಎಲ್ಲರನ್ನೂ ನಗಿಸಿದಳಂತೆ.

ನಮ್ಮ ಹಿತ್ತಲ ಬಾಗಿಲಿಗೆ ಒಳಗಿನಿಂದ ಚಿಲಕ ಇದೆ. ಎಷ್ಟೋ ಸಲ ನಾನೇ ಹಾಕಿದ್ದೇನೆ.

ಭಾರತಮಾತೆಯ ಸರಪಳಿಗಳನ್ನು ಇವತ್ತು ಅಟ್ಟದಿಂದ ಕೆಳಗೆ ಎಸೆದೆ. ದೇಖಾವೆಗೆ ಶೆಡ್ಡೇ ಸಾಕು. ಟೇಪಿನಲ್ಲಿ ಬರೀ ಮಗ್ಗದ ಸಪ್ಪಳ. ಹುಡುಗಿಯರು ಕೂತಲ್ಲೇ ಕೂತು, ತುಟಿಯಲ್ಲೇ ಎಲ್ಲ ಹೇಳುತ್ತಾರೆ. ದನಿ ತೆಗೆಯಬಾರದು ಎಂದಿದೆ ನಿಯಮ. ತುಟಿ ಆಡಿಸಬಾರದು ಎಂದಿಲ್ಲ. ನಾನು ಸಾಲುಗಳನ್ನು ಬರೆಯಲು ಕೂತೆ. ಒಂದೂ ಹೊಂದಲಿಲ್ಲ, ಎಲ್ಲ ಭಾಷಣದ ಹಾಗೆ ಆಯಿತು. ಕೊನೆಗೆ ಬೀರವ್ವ ತಾನೇ ಹೇಳಿದಳು, ನಾನು ಕೇಳಿಕೊಂಡೆ. ನನಗೆ ಉಳಿದ ವೇಷ ಮಾಲಕನದು: ಕೈ ಹಿಂದೆ ಕಟ್ಟಿ, ಹುಡುಗಿಯರಿಗೆ ಬೆನ್ನು ತಿರುಗಿಸಿ ನಿಲ್ಲುವುದು. ಮಾವನ ಹಳೇ ಕರೀ ಟೊಪ್ಪಿಗೆ ಅತ್ತೆಯನ್ನು ಕೇಳಿದೆ. ಯಾಕೆ ಎಂದು ಕೇಳದೆ ಕೊಟ್ಟಳು.

೨೮ ಆಗಸ್ಟ್

ಗೆದ್ದೆವು!

ಕಾಲೇಜಿನ ಹಾಲ್ ತುಂಬಿತ್ತು. ಪಾಳಿ ಮುಗಿಸಿದ ಮಗ್ಗದವರು ಕಿಟಕಿಗಳಿಗೆ ಜೋತುಬಿದ್ದಿದ್ದರು. ನಮ್ಮ ಮುಂಚೆ ಬಂದ ಎಲ್ಲ ದೇಖಾವೆಗಳಲ್ಲೂ ಸರಪಳಿ, ಜೈಲು, ಕರೀ ಪಟ್ಟಿ. ದಿಲ್ಲಿಯವರನ್ನು ಬೈಯುವುದು ಈಗ ಭಾಳ ಸಸ್ತಾ. ನಮ್ಮ ಮರಾಠಿ ವಿಭಾಗದ ಜಿನಗೊಂಡ ಸರ್ ತಮ್ಮ ಟೇಪ್ ರೆಕಾರ್ಡರ್ ಚಾಲೂ ಮಾಡಿದರು. ಖಟಾಖಟ್ ಸಪ್ಪಳ ಹಾಲಿನ ಮಾಳಿಗೆಗೆ ಬಡಿಯಿತು. ನನ್ನ ಬೆನ್ನ ಹಿಂದೆ ಹುಡುಗಿಯರು ಕಾಂಡಿ ತುಂಬುತ್ತ ತುಟಿಯಲ್ಲಿ ಮಾತಾಡತೊಡಗಿದರು. "ಮುಂಜಾನಿಂದ ನೀರ ಕುಡಿದಿಲ್ಲ. ಕುಡಿದ್ರ ಹೋಗಬೇಕಾಗ್ತದ. ಮಾಲಕರು ದಿನಕ್ಕ ಮೂರ ಸಲ ಹೋಗ್ತಾರ. ಅವರ ಬಾಗಲಕ್ಕ ಚಿಲಕ ಐತಿ."

ಮುಂದಿನ ಖುರ್ಚಿಗಳು ಗಂಭೀರವಾಗಿ ಕೂತಿದ್ದವು. ಕಿಟಕಿಗಳು ಮೊದಲು ಗಪ್ಪಾದವು, ಆಮೇಲೆ "ಮೂರ ಸಲ" ಬಂದಾಗ ಒಮ್ಮೆಲೇ ನಕ್ಕವು. ಆಮೇಲೆ ಸಿಳ್ಳು, ಚಪ್ಪಾಳೆ. ಒಬ್ಬ ಮುದುಕಿ ಕಿಟಕಿಯ ಸರಳು ಹಿಡಿದು ಅಳುತ್ತಿದ್ದಳು. ಕೊಲ್ಹಾಪುರದಿಂದ ಬಂದ ಮುಖ್ಯ ಪರೀಕ್ಷಕರು ಹಿಂದೆ ತಿರುಗಿ ತಿರುಗಿ ನೋಡಿದರು. ಅವರಿಗೆ ಏನೂ ತಿಳಿಯಲಿಲ್ಲ. ಎದ್ದು ನಿಂತು, ಶೋಷಿತರ ಮೌನವನ್ನು ಇಷ್ಟು ಚೆನ್ನಾಗಿ ತೋರಿಸಿದ್ದನ್ನು ತಾವು ಕಂಡಿಲ್ಲ ಎಂದು ಹೊಗಳಿ ಪ್ರಥಮ ಬಹುಮಾನ ಸಾರಿದರು.

ಹುಡುಗಿಯರ ತುಟಿ ಏನೋ ಆಡುತ್ತಿತ್ತಲ್ಲ ಎಂದು ಜಿನಗೊಂಡ ಸರ್ ಕೇಳಿದರು. ಏನೂ ಇಲ್ಲ ಸರ್, ಸುಮ್ಮನೆ ಎಂದೆ. ಸರ್ ಜಯಸಿಂಗಪುರದವರು, ಮಗ್ಗದವರ ತುಟಿಮಾತು ಅವರಿಗೇನು ಗೊತ್ತು?

೩೦ ಆಗಸ್ಟ್

ಊರಿಗೆಲ್ಲ ತಿಳಿಯುವ ಭಾಷೆಯಲ್ಲಿ ಗುಟ್ಟು ಹೇಳಿದರೆ ಗುಟ್ಟು ಉಳಿಯುತ್ತದೆಯೇ. ಮಾವ ಇವತ್ತು ನೂಲಿನ ಪೇಟೆಗೆ ಹೋಗಿದ್ದಾರೆ. ಅಲ್ಲಿ ಇನ್ನೊಬ್ಬ ಮಾಲಕ, ಹಿಂದೆ ತಾನೇ ಮಗ್ಗ ನಡೆಸಿದವನು, ನಾಲ್ಕು ಜನರ ಮುಂದೆ, "ರಾವಸಾಹೇಬ, ಕಾಯ್ ಹೋ, ದಿವಸಾತ ತೀನದಾ?" ಎಂದು ದಿನಕ್ಕೆ ಮೂರು ಸಲದ ಮಾತೆತ್ತಿ ಕೇಳಿದನಂತೆ. ಪೇಟೆಯೆಲ್ಲ ನಕ್ಕಿತಂತೆ.

ಮನೆಗೆ ಬಂದವರೇ ಟೊಪ್ಪಿಗೆಯನ್ನು ನೆಲಕ್ಕೆ ಎಸೆದರು. ಅನ್ನ ಹಾಕಿದ ಮನೆಯ ಸಂಡಾಸನ್ನು ವೇದಿಕೆ ಹತ್ತಿಸಿದೆ ಎಂದು ನನಗೆ ಬೈದರು. ನನಗೆ ಬೈದದ್ದು ಹೋಗಲಿ, ಅವರಿಗೆ ಹೆಚ್ಚು ಚುಚ್ಚಿದ್ದು ಬೇರೆ.

"ನನ್ನ ಮಾರಿ ಮುಂದ ನಿಂತು ಇಷ್ಟ ವರ್ಷ ಮಾತಾಡ್ಯಾರ. ನನ್ನ ಮಾರಿ ಮುಂದ! ಏನೇನ ಅಂದಾರೋ ಯಾಂವಗ ಗೊತ್ತು?"

ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಮುಂದಿನ ಉಂಡೆ ಎತ್ತಿಕೊಂಡಳು.

ಸಂಜೆ ಧೋಂಡಿಬಾನಿಗೆ ನಾಳೆಯಿಂದ ಬರಬೇಡ ಎಂದರು. ಬಹುಮಾನ ಬಂದದ್ದು ನನಗೆ, ಮಗ್ಗ ಹೋದದ್ದು ಅವನದು. ಹೋಗಿ ಮಾವನ ಜತೆ ಜಗಳ ತೆಗೆದೆ. ಅವರು ಎದ್ದು ಶೆಡ್ಡಿನೊಳಗೆ ಹೋಗಿಬಿಟ್ಟರು. ಅಲ್ಲಿ ನನ್ನ ಬೊಂಬಾಯಿ ಏನೂ ನಡೆಯುವುದಿಲ್ಲ.

೩ ಸೆಪ್ಟೆಂಬರ್

ಮಾವನ ಸಿಟ್ಟು ಇಳಿದಿದೆ. ಯಾಕೆಂದರೆ ಪತ್ರಿಕೆಯಲ್ಲಿ ನಮ್ಮ ಫೋಟೋ ಬಂತು, ಕೆಳಗೆ "ಉದ್ಯಮಿ ರಾವಸಾಹೇಬರ ಸೋದರಸೊಸೆ" ಎಂದು ನನ್ನ ಹೆಸರು ಬಂತು. ಜಿನಗೊಂಡ ಸರ್ ಬಂದು ಸಂಧಾನ ಮಾಡಿದರು. ಗಡಹಿಂಗ್ಲಜದಲ್ಲಾಗಲಿ ಕೊಲ್ಹಾಪುರದ ಸಭೆಯಲ್ಲಾಗಲಿ ತುಟಿ ಓದುವವರು ಯಾರೂ ಇಲ್ಲ. ಅಲ್ಲಿ ಹುಡುಗಿಯರು ಏನು ಬೇಕಾದರೂ ಅಂದುಕೊಳ್ಳಲಿ, ದನಿ ಹೊರಗೆ ಬರದಿದ್ದರೆ ಸಾಕು. ಢಾಲು ಬಂದರೆ ಮಾವನ ಪಡಸಾಲೆಯಲ್ಲಿ ಇಡುವುದು. ಧೋಂಡಿಬಾ ಮತ್ತೆ ಮಗ್ಗಕ್ಕೆ ಬರುವುದು.

ಅಂದರೆ ಯಾರಿಗೂ ತಿಳಿಯದ ಹಾಗೆ ಮಾತಾಡುವ ಸ್ವಾತಂತ್ರ್ಯ ನಮಗೆ ಪೂರ್ತಿ ಇದೆ. ನಾನು ಉರಿದುಬಿದ್ದೆ. ಬೀರವ್ವ ಒಪ್ಪಿಕೊಂಡಳು.

೧೧ ಸೆಪ್ಟೆಂಬರ್, ಗಡಹಿಂಗ್ಲಜ

ನಮ್ಮೂರು. ಮೆಣಸಿನಕಾಯಿ ಪೇಟೆಯ ಘಾಟಿಗೆ ಬಸ್ಸು ಇಳಿದ ಕೂಡಲೇ ಬೀರವ್ವ ಸೀನಿದಳು. ಅಪ್ಪ ಅಂಗಡಿ ಮುಚ್ಚಿ, ಇಡೀ ಓಣಿಯನ್ನು ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ.

ವೇದಿಕೆ ಹತ್ತುವ ಮುಂಚೆ ಬೀರವ್ವನ ಕಿವಿಯಲ್ಲಿ, ಇವತ್ತು ನಾನು ಸಭೆಗೆ ಎಲ್ಲವನ್ನೂ ಕೂಗಿ ಹೇಳಿಬಿಡುತ್ತೇನೆ ಎಂದೆ. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ನಿನ್ನ ಮಾತಿಗೆ ನಮ್ಮಪ್ಪನ ಮಗ್ಗ ಹೋಗ್ತದ. ನಿಮ್ಮಪ್ಪನ ಅಂಗಡಿ ಹೋಗಂಗಿಲ್ಲ. ಹೇಳೂ ದಿನ ಬಂದಾಗ ನಾನ ಹೇಳ್ತೇನಿ."

ಸುಮ್ಮನೆ ನಿಂತೆ. ಮಾಲಕನ ವೇಷದಲ್ಲಿ ಬೆನ್ನು ತಿರುಗಿಸಿ ನಿಲ್ಲುವುದು ಭಾಳ ಕಷ್ಟ. ಹಿಂದೆ ಮಾತು ನಡೆದದ್ದು ಗೊತ್ತಾಗುತ್ತದೆ, ಏನು ಎಂದು ಗೊತ್ತಾಗುವುದಿಲ್ಲ. ಸಭೆಯಲ್ಲಿ ಒಬ್ಬರೂ ನಗಲಿಲ್ಲ, ಒಬ್ಬರೂ ಅಳಲಿಲ್ಲ. ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಮತ್ತೆ ಪ್ರಥಮ. ಅಪ್ಪನಿಗೆ ಖುಷಿ, ಆದರೆ ಮಗಳು ಬಾಯಿಯೇ ತೆಗೆಯಲಿಲ್ಲವಲ್ಲ ಎಂದು ಓಣಿಯವರಿಗೆ ಆಶ್ಚರ್ಯ. "ಮಾಣಿಕ ಶಾಣ್ಯಾ ಆಗ್ಯಾಳ" ಎಂದು ಅವ್ವ ಎಲ್ಲರಿಗೂ ಹೇಳುತ್ತಿದ್ದಳು.

೧೪ ಸೆಪ್ಟೆಂಬರ್

ಮುಖ್ಯ ಪರೀಕ್ಷಕರು ಪತ್ರಿಕೆಯಲ್ಲಿ ಲೇಖನ ಬರೆದಿದ್ದಾರೆ. "ಮಾತೇ ಇಲ್ಲದವರ ಮೂಕವೇದನೆ" ಎಂದು ತಲೆಬರಹ. ಈ ಹೆಂಗಸರಿಗೆ ತಮ್ಮ ನೋವನ್ನು ಹೇಳಿಕೊಳ್ಳಲು ಶಬ್ದಗಳೇ ಇಲ್ಲವಂತೆ, ಅದನ್ನು ಹೇಳುವ ಹೊಣೆ ನಮ್ಮಂಥ ಸುಶಿಕ್ಷಿತರ ಮೇಲೆ ಇದೆಯಂತೆ.

ಬೀರವ್ವ ಅದನ್ನು ಕಾಲೇಜಿನ ಕಟ್ಟೆಯ ಮೇಲೆ ಕೂತು ನಿಧಾನವಾಗಿ ಓದಿದಳು. ಓದಿ ಮುಗಿಸಿ, ಪತ್ರಿಕೆಯನ್ನು ಮಡಿಸಿ ಕಟ್ಟೆಗೆ ಬಡಿದಳು.

"ನಮಗ ಮಾತ ಇಲ್ಲಂತ. ಎರಡ ಊರಾಗ ಅವನ ಮುಂದ ಕುಂತು ಅಂದೇನಿ. ಇವನಿಗೆ ತಿಳೀಲಿಲ್ಲಂದ್ರ ನಮಗ ಮಾತ ಇಲ್ಲಂತ."

ಆಮೇಲೆ ಒಂದು ಬೈಗುಳ ಬೈದಳು. ಅದನ್ನು ಇಲ್ಲಿ ಬರೆಯುವುದಿಲ್ಲ, ಆದರೆ ಕಲಿತುಕೊಂಡಿದ್ದೇನೆ.

೨೮ ಸೆಪ್ಟೆಂಬರ್, ಕೊರೋಚಿ

ಗಣಪತಿ ಹಬ್ಬದ ಗದ್ದಲ ಮುಗಿಯಿತು. ಇವತ್ತು ಮೊದಲ ಸಲ ಬೀರವ್ವನ ಮನೆಗೆ ಹೋದೆ. ಒಂದು ಕೋಣೆ, ಮುಂದೆ ಕುರಿ ಹಟ್ಟಿ. ಧೋಂಡಿಬಾ ಕಂಬಳಿ ಹಾಸಿ ಕೂಡಿಸಿದ. ಅವನಿಗೆ ಕಿವಿ ಮುಕ್ಕಾಲು ಹೋಗಿದೆ, ಹೀಗಾಗಿ ನಾನು ತುಟಿಯಲ್ಲೇ ಮಾತಾಡಿದೆ. ಒಂದು ತಿಂಗಳಿಂದ ಯಮುನವ್ವನ ಹತ್ತಿರ ಕಲಿತಿದ್ದೇನೆ. ಅವನು ನಕ್ಕುಬಿಟ್ಟ. ನನ್ನ ತುಟಿ ಆಗತಾನೆ ಮಾತು ಕಲಿಯುವ ಕೂಸಿನ ಹಾಗೆ ಆಡುತ್ತದಂತೆ.

ಕೊಲ್ಹಾಪುರದಲ್ಲಿ ಏನು ಮಾಡುವುದು ಎಂಬ ಮಾತು ಬಂತು. ದನಿ ತೆಗೆದರೆ ಮಗ್ಗ ಹೋಗುತ್ತದೆ, ಈ ಸಲ ಮರಳಿ ಬರುವುದಿಲ್ಲ ಎಂದು ಬೀರವ್ವ ಅಪ್ಪನಿಗೆ ತಾನೇ ಬಿಡಿಸಿ ಹೇಳಿದಳು. ನಾನು ನಡುವೆ ಬಾಯಿ ಹಾಕಲಿಲ್ಲ. ಧೋಂಡಿಬಾ ಎಲೆ ಅಡಿಕೆ ಮಡಿಸಿ ಬಾಯಿಗೆ ಹಾಕಿಕೊಂಡ.

"ಹದಿನೈದ ವರ್ಷ ಮಗ್ಗ ನಡಸಿ ಕಿವಿ ಕಳಕೊಂಡೆ. ಬಾಯಿನೂ ಯಾಕ ಕಳಕೊಳ್ಳೂದು? ಕುರಿ ಕಾಯೂದು ಇನ್ನೂ ಮರತಿಲ್ಲ ನಾ. ಅನ್ನೂದು ಅಂದ ಬಾ, ಮಗಳ."

ಇದನ್ನು ಅವನು ಜೋರಾಗಿ ಹೇಳಿದ. ಕಿವಿ ಕೇಳದವರ ದನಿ ದೊಡ್ಡದಿರುತ್ತದೆ. ಹಟ್ಟಿಯ ಕುರಿಗಳು ಕತ್ತು ತಿರುಗಿಸಿ ನೋಡಿದವು.

೨ ಅಕ್ಟೋಬರ್, ಕೊಲ್ಹಾಪುರದಿಂದ ಬಂದ ಮೇಲೆ

ಕೈ ಇನ್ನೂ ಬಿಸಿಯಾಗಿದೆ. ಎಲ್ಲವನ್ನೂ ಬರೆಯಬೇಕು.

ದೊಡ್ಡ ನಾಟ್ಯಗೃಹ. ವೇದಿಕೆಯ ಮೇಲೆ ಗಾಂಧೀಜಿಯ ಫೋಟೋ, ಅದಕ್ಕೆ ಖಾದಿ ನೂಲಿನ ಹಾರ. ಮುಂದೆ ಪುಢಾರಿಗಳು, ಪ್ರೊಫೆಸರುಗಳು, ಪತ್ರಿಕೆಯವರು. ಮಾವ ಕರಿ ಟೊಪ್ಪಿಗೆಗೆ ಇಸ್ತ್ರಿ ಹಾಕಿಸಿಕೊಂಡು ಮೂರನೇ ಸಾಲಿನಲ್ಲಿ ಕೂತಿದ್ದರು. ಮುಖ್ಯ ಪರೀಕ್ಷಕರು ನಮ್ಮನ್ನು ಪರಿಚಯಿಸುತ್ತ, ಢಾಲು ಹೆಚ್ಚುಕಡಿಮೆ ಯಾರದು ಎಂದು ನಿಮಗೇ ತಿಳಿಯುತ್ತದೆ ಎಂಬ ಧಾಟಿಯಲ್ಲಿ ಮಾತಾಡಿದರು. ಮತ್ತೆ ಮೂಕವೇದನೆ ಎಂದರು.

ಟೇಪು ಚಾಲೂ ಆಯಿತು. ನಾನು ಬೆನ್ನು ತಿರುಗಿಸಿ ನಿಂತೆ. ಸ್ವಲ್ಪ ಹೊತ್ತಿಗೆ ನನ್ನ ಪಕ್ಕದಿಂದ ಬೀರವ್ವ ದಾಟಿ ಹೋದಳು, ಬರಿಗಾಲಲ್ಲಿ. ಜಿನಗೊಂಡ ಸರ್ ಕೂತಲ್ಲಿಗೆ ಹೋಗಿ ಟೇಪಿನ ಬಟನ್ ಒತ್ತಿದಳು. ಸಪ್ಪಳ ನಿಂತಿತು. ಸರ್ ಕೈ ಮುಂದೆ ತಂದವರು ಹಿಂದೆ ತೆಗೆದುಕೊಂಡರು.

ಆಮೇಲೆ ಅವಳು ವೇದಿಕೆಯ ನಡುವೆ ಬಂದು ಮರಾಠಿಯಲ್ಲಿ ಮಾತಾಡಿದಳು. ನಾವು ಮೂಕರಲ್ಲ ಎಂದಳು. ಎರಡು ಊರಲ್ಲಿ ವೇದಿಕೆಯ ಮೇಲೆ ಕೂತು ತುಟಿಯಲ್ಲಿ ಏನು ಹೇಳಿದ್ದೇವೆಯೋ ಅದನ್ನು ಈಗ ಕೇಳಿರಿ ಎಂದಳು. ನೀರಿನ ಮಾತು, ಹಳ್ಳದ ಮಾತು, ಯಮುನವ್ವನ ಉರಿಯ ಮಾತು, ಚಿಲಕದ ಮಾತು. ಒಂದೂ ಶಬ್ದ ಹೆಚ್ಚಿಲ್ಲ. ಸಂಡಾಸ ಎಂಬ ಶಬ್ದ ಬಂದಾಗ ಮುಂದಿನ ಸಾಲಿನ ಒಬ್ಬ ಹೆಂಗಸು ಮೂಗಿಗೆ ಕರವಸ್ತ್ರ ಹಿಡಿದಳು, ಬರೀ ಶಬ್ದಕ್ಕೇ ವಾಸನೆ ಬಂದ ಹಾಗೆ. ಮುಖ್ಯ ಪರೀಕ್ಷಕರು ಗಂಟೆ ಬಾರಿಸಿದರು. ಇಂಥ ಪವಿತ್ರ ದಿನ ಇಂಥ ಮಾತೇ ಎಂದರು. ಮೇಲೆ ಫೋಟೋದಲ್ಲಿ ಇದ್ದವರು ಜೀವನವಿಡೀ ಅದೇ ಮಾತಾಡಿದವರು ಎಂದು ಅವರಿಗೆ ಯಾರು ಹೇಳಬೇಕು?

ಮೈಕ್ ಬಂದ್ ಮಾಡಿಸಿದರು. ಬೀರವ್ವನಿಗೆ ಮೈಕ್ ಯಾವಾಗ ಬೇಕಿತ್ತು? ಧೋಂಡಿಬಾನ ಮಗಳು, ದನಿ ಎತ್ತಿದಳು, ಬಾಲ್ಕನಿಯ ಕೊನೆಯವರೆಗೂ ಹೋಯಿತು. ಅಲ್ಲಿ ಮೇಲೆ ಸಸ್ತಾ ಟಿಕೀಟಿನ ಹುಡುಗರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೆಳಗಿನವರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಸ್ವಯಂಸೇವಕ ಅವಳ ತೋಳು ಹಿಡಿಯಲು ಬಂದ. ನಾನು ಮಾಲಕನ ವೇಷದಲ್ಲೇ ಅವನಿಗೆ ಅಡ್ಡ ನಿಂತೆ. ಇಡೀ ದಿನ ನಾನು ಮಾಡಿದ ಕೆಲಸ ಅಷ್ಟೇ, ಒಂದು ಮಾತೂ ಆಡಲಿಲ್ಲ.

ವಿಷಯ ಸ್ವಾತಂತ್ರ್ಯದ್ದೇ ಆದರೂ ನಿಯಮ ನಿಯಮವೇ ಎಂದು ನಮ್ಮನ್ನು ಸ್ಪರ್ಧೆಯಿಂದ ತೆಗೆದರು. ಢಾಲು ಸರಪಳಿ ಕಟ್ಟಿಕೊಂಡ ಯಾವುದೋ ಭಾರತಮಾತೆಗೆ ಹೋಯಿತು. ಹೋಗಲಿ.

ಬಸ್ ಸ್ಟ್ಯಾಂಡಿನಲ್ಲಿ ಬಿಸಿ ಭಜಿ ತಿಂದೆವು. ನಾನೂ ಬೀರವ್ವನೂ ಒಬ್ಬರನ್ನೊಬ್ಬರು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಜಿನಗೊಂಡ ಸರ್ ದೂರ ನಿಂತಿದ್ದರು. ಬಸ್ಸು ಬಂದಾಗ ಹತ್ತಿರ ಬಂದು, ಟೇಪ್ ತಾನಾಗಿಯೇ ಕೆಟ್ಟಿತು ಎಂದು ಪ್ರಾಚಾರ್ಯರಿಗೆ ಹೇಳಲೇ ಎಂದು ಕೇಳಿದರು. ಬೇಡ್ರಿ ಸರ್, ಅದು ಚಲೋ ಇತ್ತು ಎಂದಳು ಬೀರವ್ವ.

೪ ಅಕ್ಟೋಬರ್

ಪ್ರಾಚಾರ್ಯರು ನಮ್ಮಿಬ್ಬರನ್ನೂ ಕರೆದು ಕ್ಷಮೆ ಕೇಳಿ ಬರೆದುಕೊಡಿ ಎಂದರು. ಹೋದ ವರ್ಷದ ಭಾಷಣಕ್ಕೆ ತಾವು ಬರೆದುಕೊಟ್ಟ ಮೇಲೆ ನಾವೂ ಕೊಡುತ್ತೇವೆ ಎಂದೆ. ದೀಪಾವಳಿಯವರೆಗೆ ಕಾಲೇಜಿಗೆ ಬರಬೇಡಿ ಎಂದರು.

ಮಾವ ಅಪ್ಪನಿಗೆ ತಂತಿ ಕಳಿಸಿದ್ದಾರೆ. ಶನಿವಾರ ಬಂದು ಅಪ್ಪ ನನ್ನನ್ನು ಕರೆದುಕೊಂಡು ಹೋಗುತ್ತಾನಂತೆ, ಕಾಲೇಜು ಬಿಡಿಸಿ ಗಂಡು ನೋಡುತ್ತಾನಂತೆ. ಬರಲಿ. ಬಾಯಿ ನನ್ನ ಜತೆಯೇ ಬರುತ್ತದೆ.

ಧೋಂಡಿಬಾನನ್ನು ತೆಗೆಯುವ ಸುಖವೂ ಮಾವನಿಗೆ ಸಿಗಲಿಲ್ಲ. ಅವನು ನಿನ್ನೆ ಬೆಳಿಗ್ಗೆ ಬಂದು, ಮಗ್ಗ ಒರೆಸಿ, ರಾಮ್ ರಾಮ್ ಎಂದು ಹೇಳಿ, ತಮ್ಮನ ಕುರಿ ಹಿಂಡಿನ ಜತೆ ಹೊರಟುಹೋಗಿದ್ದಾನೆ. ಆ ಸಿಟ್ಟಿಗೆ ಮಾವ ಶೆಡ್ಡಿನ ಬಾಗಿಲಲ್ಲಿ ನಿಂತು, ಬೀರವ್ವ ಈ ಗೇಟಿನೊಳಗೆ ಕಾಲಿಡಬಾರದು ಎಂದರು. ಇನ್ನು ಮುಂದೆ ಸಂಡಾಸದ ಬಗ್ಗೆ ತಮ್ಮ ಆವಾರದಲ್ಲಿ ಯಾರಾದರೂ ದನಿ ತೆಗೆದರೆ ಅವರ ಕೆಲಸವೂ ಅಂದೇ ಮುಗಿಯಿತು ಎಂದರು. ಅವರ ಬೆನ್ನ ಹಿಂದೆ ತುಟಿಗಳು ಆಡತೊಡಗಿದವು.

೬ ಅಕ್ಟೋಬರ್

ಬೆಳಿಗ್ಗೆ ಪಾಳಿ ಚಾಲೂ ಆಗುವ ಮುಂಚೆ ಕಾಂಡಿ ಹೆಂಗಸರೆಲ್ಲ ಶೆಡ್ಡಿನ ಮುಂದೆ ಸೇರಿದರು. ಯಮುನವ್ವ ತಲೆಯ ಮೇಲೆ ಒಂದು ಕೊಡ ನೀರು ತಂದಿದ್ದಳು. ಇಳಿಸಿ, ತಂಬಿಗೆ ಅದ್ದಿ, ಗಟಗಟನೆ ಕುಡಿದಳು. ಮತ್ತೊಂದು ತಂಬಿಗೆ ಕುಡಿದಳು. ಆಮೇಲೆ ಒಬ್ಬೊಬ್ಬರೂ ಕುಡಿದರು. ಮಾವ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ನೋಡುತ್ತಿದ್ದರು. ಅವರಿಗೆ ಏನು ಗೊತ್ತಾಗಬೇಕು, ನೀರಡಿಸಿದವರು ನೀರು ಕುಡಿದರು. ಹೆಂಗಸರು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತರು. ನಾನು ಮಾತ್ರ ಶೆಡ್ಡಿನ ಬಾಗಿಲು ಬಿಟ್ಟು ಕದಲಲಿಲ್ಲ.

ಬಿಸಿಲು ಅಂಗಳಕ್ಕೆ ಇಳಿದ ಹೊತ್ತಿಗೆ ಯಮುನವ್ವ ಎದ್ದಳು. ನೇರ ನಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಮತ್ತೊಬ್ಬಳು. ಕಾಂಡಿ ತುಂಬುವವರು ಎದ್ದ ಮೇಲೆ ಲಾಳಿಗೆ ನೂಲೆಲ್ಲಿಂದ ಬರಬೇಕು? ಒಂದು ಮಗ್ಗ ನಿಂತಿತು. ಇನ್ನೊಂದು ನಿಂತಿತು. ಎಂಟೂ ನಿಂತವು. ಈ ಮನೆಯಲ್ಲಿ ಹಗಲು ಹೊತ್ತು ಕಾಗೆ ಕೂಗಿದ್ದು ನಾನು ಕೇಳಿದ್ದು ಇವತ್ತೇ.

ಮಾವ ಓಡಿ ಬಂದರು. ಏನು ಬೇಕು ಎಂದು ಯಮುನವ್ವನನ್ನು ಕೇಳಿದರು. ಅವಳು ತುಟಿಯಲ್ಲಿ ಹೇಳಿದಳು. ದನಿ ತೆಗೆಯಲಿಲ್ಲ, ತೆಗೆಯಬಾರದು ಎಂದು ಅವರೇ ಹೇಳಿದ್ದರಲ್ಲ. ಮಾವ ಮತ್ತೆ ಕೇಳಿದರು. ಅವಳು ಮತ್ತೆ ತುಟಿಯಲ್ಲೇ ಹೇಳಿದಳು. ಸಾಲಿನಲ್ಲಿದ್ದವರೂ ಹೇಳತೊಡಗಿದರು, ಎಲ್ಲರೂ ಒಟ್ಟಿಗೆ, ಸದ್ದೇ ಇಲ್ಲದೆ. ಮಾವ ಅವರ ಬಾಯಿ ಇವರ ಬಾಯಿ ನೋಡುತ್ತ ಬೆವೆತುಹೋದರು. ನನ್ನನ್ನು ನೋಡಿದರು. ಹೇಳಲು ನಾನು ಬಾಯಿ ತೆರೆದೆ.

ಅಷ್ಟರಲ್ಲಿ ಒಳಗಿನಿಂದ ಚಿಲಕ ಸರಿಯಿತು. ಅತ್ತೆ ಬಾಗಿಲಲ್ಲಿ ನಿಂತಿದ್ದಳು, ಕೈಗೆ ಹಿಟ್ಟು ಮೆತ್ತಿತ್ತು.

"ನಾ ಹೇಳ್ತೇನಿ ಕೇಳ್ರಿ. ಒಳಗ ಬಿಡ್ರಿ ಅನ್ನಾಕತ್ತಾರ. ಇವತ್ತಿಂದಲ್ಲ, ಶೆಡ್ಡ ಕಟ್ಟಿದಾಗಿಂದ ಅನ್ನಾಕತ್ತಾರ."

ನಿನಗೆ ಹೇಗೆ ಗೊತ್ತು ಎಂದು ಮಾವ ಕೇಳಿದರು.

"ಎರಡ ಮಗ್ಗ ಇದ್ದಾಗ ಕಾಂಡಿ ತುಂಬಿದಾಕಿ ಯಾರು? ನೀವು ಪೇಟಿಗೆ ಹೋಗ್ತಿದ್ರಿ. ಆಗ ಸಂಡಾಸ ಎಲ್ಲಿತ್ತು? ನಾನೂ ನೀರ ಕುಡೀತಿದ್ದಿಲ್ಲ. ಅವರು ನಿಮಗ ಏನೇನ ಅಂದಾರ, ಎಲ್ಲಾ ಓದೇನಿ. ಈಗ ಹೇಳಲೋ, ಅವರನ್ನ ಒಳಗ ಬಿಡಲೋ?"

ಮಾವ ಅಲ್ಲೇ ಗೋಡೆಗೆ ಒರಗಿ ನಿಂತರು. ಬಾಗಿಲಿಗೆ ಅಡ್ಡ ಬರಲಿಲ್ಲ. ಅತ್ತೆ ಪಕ್ಕಕ್ಕೆ ಸರಿದಳು. ಯಮುನವ್ವ ಅವರ ಮುಂದೆಯೇ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ನಾನು ಬಚ್ಚಲಿನಿಂದ ಬಕೆಟ್ಟಿನಲ್ಲಿ ನೀರು ತಂದು ತಂದು ಇಟ್ಟೆ. ಸಾಲು ಭಾಳ ಉದ್ದ ಇತ್ತು, ನನ್ನ ಕೈಯಲ್ಲಿ ಗುಳ್ಳೆ ಎದ್ದಿದೆ.

ಮಧ್ಯಾಹ್ನ ಮಗ್ಗ ಮತ್ತೆ ಚಾಲೂ ಆದವು. ಅಟ್ಟ ಹತ್ತಿ ನೋಡಿದೆ. ಬೀರವ್ವ ರಸ್ತೆಯ ಆಚೆ ಮರದ ಕೆಳಗೆ ನಿಂತಿದ್ದಳು, ಬೆಳಗಿನಿಂದಲೂ ಅಲ್ಲೇ ಇದ್ದಿರಬೇಕು. ಆ ಸಪ್ಪಳದಲ್ಲಿ ಕೂಗಿ ಉಪಯೋಗವಿರಲಿಲ್ಲ. ತುಟಿಯಲ್ಲಿ ಎಲ್ಲ ಹೇಳಿದೆ: ಅತ್ತೆ ಬಾಗಿಲು ತೆಗೆದದ್ದು, ಮಾವ ಗೋಡೆಗೆ ನಿಂತದ್ದು, ಎಲ್ಲರೂ ಹೋಗಿ ಬಂದದ್ದು. ಅವಳು ಕಣ್ಣು ಕಿರಿದು ಮಾಡಿ ಪೂರ್ತಿ ಓದಿದಳು. ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಎರಡು ಬೆರಳು ಎತ್ತಿ ತೋರಿಸಿ, ತುಟಿಯಲ್ಲೇ ಹೇಳಿದಳು.

"ನಾಳೆ ಎರಡ ಕೊಡ ಇಡಸು. ಕೊನೀಗೆ ನಿಂತ ಮೂರ ಮಂದಿಗೆ ಇವತ್ತ ನೀರ ಸಾಲಲಿಲ್ಲ."